ಕನ್ನಡ ಶಾಲೆಯ ಮಕ್ಕಳು ಮತ್ತು ಲ್ಯಾಬ್ ಟೆಕ್ನೀಷಿಯನ್ ತರಬೇತಿ

(ಕರಣಕೋಟದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ. ಮಗುವನ್ನು ಕನ್ನಡ ಶಾಲೆಯಲ್ಲಿ ಮುಂದುವರಿಸಬೇಕೋ, ಬಿಡಿಸಬೇಕೋ? "ಕನ್ನಡದಾಗ ಓದಿ ಮುಂದೇನು ಮಾಡ್ತಾನ್ರೀ?" ಎಂದು ಕೇಳುವವರಿಗೆ ಬರೀ ಭಾಷಾಭಿಮಾನದ ಮಾತು ಹೇಳಿದರೆ ಸಾಲದು. ಆದ್ದರಿಂದ ಇಂದು ಒಂದೇ ಒಂದು ಉದ್ಯೋಗವನ್ನು ಹಿಡಿದು ಮಾತಾಡುತ್ತೇನೆ. ಅದು ವೈದ್ಯಕೀಯ ಪ್ರಯೋಗಾಲಯದ ಕೆಲಸ, ಅಂದರೆ ಲ್ಯಾಬ್ ಟೆಕ್ನೀಷಿಯನ್ ಕೆಲಸ.

ಈ ಕೆಲಸ ರಕ್ತ ತೆಗೆಯುವುದಷ್ಟೇ ಅಲ್ಲ. ತೆಗೆದ ರಕ್ತವನ್ನು ಸರಿಯಾದ ನಳಿಕೆಗೆ ಹಾಕಬೇಕು. ರಕ್ತಕಣಗಳ ಎಣಿಕೆಗೆ ಒಂದು ಬಗೆಯ ನಳಿಕೆ, ಸಕ್ಕರೆ ಪರೀಕ್ಷೆಗೆ ಇನ್ನೊಂದು. ಗಾಜಿನ ಮೇಲೆ ರಕ್ತವನ್ನು ತೆಳುವಾಗಿ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಮಲೇರಿಯಾ ರೋಗಾಣು ಹುಡುಕಬೇಕು. ರಕ್ತದ ಗುಂಪು ಹೇಳುವಾಗ ತಪ್ಪಿದರೆ ರೋಗಿಯ ಪ್ರಾಣಕ್ಕೇ ಅಪಾಯ. ವೈದ್ಯರು ಔಷಧ ಬರೆಯುವುದು ಇವರು ಕೊಟ್ಟ ವರದಿ ನೋಡಿಯೇ.

ಇಲ್ಲಿ ಭಾಷೆಯ ಪಾತ್ರವೇನು? ಕ್ಷಯದ ಶಂಕೆ ಇರುವವರಿಗೆ ಡಬ್ಬಿ ಕೊಟ್ಟು ಕಫ ತರಲು ಹೇಳುತ್ತಾರೆ. ಎದೆಯಾಳದಿಂದ ಕೆಮ್ಮಿ ತೆಗೆದ ಕಫವೇ ಬೇಕು. ಇದನ್ನು ತಿಳಿಯುವ ಮಾತಿನಲ್ಲಿ ಹೇಳದಿದ್ದರೆ ಹಳ್ಳಿಯ ಅಜ್ಜಿ ಬಾಯೊಳಗಿನ ಉಗುಳು ತುಂಬಿ ಕೊಡುತ್ತಾಳೆ. ಅದರಲ್ಲಿ ರೋಗಾಣು ಕಾಣದೆ ಹೋಗಬಹುದು. ರೋಗವಿಲ್ಲವೆಂಬ ವರದಿ ಹಿಡಿದು ಆಕೆ ಮನೆಗೆ ಹೋಗಿ ಮೊಮ್ಮಕ್ಕಳ ನಡುವೆ ಕೆಮ್ಮುತ್ತ ಕೂಡುತ್ತಾಳೆ. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದರೆ ಚಹಾ ಸಹ ಕುಡಿಯಬಾರದು ಎಂಬುದನ್ನೂ ಬಿಡಿಸಿ ಹೇಳಬೇಕಾಗುತ್ತದೆ.

ತಾಂಡೂರು ತಾಲೂಕು 1956ರವರೆಗೆ ಗುಲಬರ್ಗಾ ಜಿಲ್ಲೆಯಲ್ಲಿತ್ತು. ನಾರಾಯಣಖೇಡ ಬೀದರ ಜಿಲ್ಲೆಯಲ್ಲಿತ್ತು. ರಾಜ್ಯದ ಗಡಿ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಉರ್ದು ಕೇಳಿ ಬೆಳೆದ ನಮ್ಮ ಮಕ್ಕಳು ಈ ಭಾಗದ ಆಸ್ಪತ್ರೆಗಳಿಗೆ ಬೇಕಾದವರು.

ಇನ್ನು ದಾರಿ. ತೆಲಂಗಾಣದಲ್ಲಿ ಇಂಟರ್ ಮುಗಿಸಿದವರಿಗೆ 2 ವರ್ಷದ ಡಿ.ಎಂ.ಎಲ್.ಟಿ. ಡಿಪ್ಲೊಮಾ ಇದೆ. ಬೈ.ಪಿ.ಸಿ. ಓದಿದವರಿಗೆ ಮೊದಲ ಆದ್ಯತೆ. ಹತ್ತನೆಯ ತರಗತಿಯ ನಂತರ ಇಂಟರ್ ವೃತ್ತಿಶಿಕ್ಷಣದಲ್ಲಿಯೂ ಎಂ.ಎಲ್.ಟಿ. ವಿಷಯವಿದೆ. ಮೇಲೆ ಬಿ.ಎಸ್‌ಸಿ. ಪದವಿಯಿದೆ. ನಿಯಮಗಳು ಬದಲಾಗುತ್ತವೆ, ಆಯಾ ವರ್ಷದ ಅಧಿಸೂಚನೆ ಓದಿಯೇ ಅರ್ಜಿ ಹಾಕಿರಿ. ಆರು ತಿಂಗಳಲ್ಲಿ ಸರ್ಟಿಫಿಕೇಟ್ ಕೊಡುತ್ತೇವೆಂಬ ಬೋರ್ಡು ನೋಡಿ ಹಣ ಕಟ್ಟಬೇಡಿ. 2021ರ ಕೇಂದ್ರ ಕಾಯ್ದೆಯ ಪ್ರಕಾರ ಇಂಥ ವೃತ್ತಿಗಳ ಡಿಪ್ಲೊಮಾಕ್ಕೆ 2ರಿಂದ 4 ವರ್ಷಗಳಲ್ಲಿ ಕನಿಷ್ಠ 2000 ಗಂಟೆಗಳ ಶಿಕ್ಷಣ ಬೇಕು. ಸಂಸ್ಥೆಗೆ ಪ್ಯಾರಾಮೆಡಿಕಲ್ ಬೋರ್ಡಿನ ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಿರಿ. ಮಗು ಓದಿದ ಪ್ರತಿ ವರ್ಷದ ವ್ಯಾಸಂಗ ಪ್ರಮಾಣಪತ್ರವನ್ನು ಜೋಪಾನವಾಗಿಡಿರಿ. ಸ್ಥಳೀಯ ಅಭ್ಯರ್ಥಿ ಎಂದು ತೋರಿಸಲು ಅದು ಬೇಕಾಗುತ್ತದೆ.

ಒಂದು ಕಷ್ಟವನ್ನು ಮುಚ್ಚಿಡುವುದಿಲ್ಲ. ತರಬೇತಿ ನಡೆಯುವುದು ಇಂಗ್ಲಿಷಿನಲ್ಲಿ. ಮೊದಲ ಕೆಲವು ತಿಂಗಳು ನಮ್ಮ ಮಕ್ಕಳಿಗೆ ತ್ರಾಸವಾಗುತ್ತದೆ. ಆದರೆ ರಕ್ತವೆಂದರೇನು, ಮೂತ್ರಪಿಂಡ ಏನು ಮಾಡುತ್ತದೆ ಎಂಬುದನ್ನು ಕನ್ನಡದಲ್ಲಿ ಅರ್ಥಮಾಡಿಕೊಂಡ ಮಗು ಅಲ್ಲಿ ಕಲಿಯಬೇಕಾದದ್ದು ಹೆಸರನ್ನು ಮಾತ್ರ. ಅರ್ಥವಾಗದೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ಮಗು ವಿಷಯವನ್ನೇ ಹೊಸದಾಗಿ ಕಲಿಯಬೇಕು. ಅದಕ್ಕೆ ಎಂಟನೆಯ ತರಗತಿಯಿಂದಲೇ ಒಂದು ನೋಟ್‌ಬುಕ್ ಇಡಿಸಿರಿ. ಒಂದು ಬದಿಗೆ ಜೀವಕೋಶ, ಇನ್ನೊಂದು ಬದಿಗೆ ಸೆಲ್. ಒಂದು ಬದಿಗೆ ಪಿತ್ತಜನಕಾಂಗ, ಇನ್ನೊಂದು ಬದಿಗೆ ಲಿವರ್. ದಿನಕ್ಕೆ ಎರಡು ಪದ ಬರೆದರೂ ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಸಾವಿರ ದಾಟುತ್ತದೆ. ಗಣಿತದಲ್ಲಿ ಶೇಕಡಾ, ಅನುಪಾತ ಗಟ್ಟಿಯಾಗಲಿ. ಒಂದು ಭಾಗ ರಕ್ತಸಾರಕ್ಕೆ ಒಂಬತ್ತು ಭಾಗ ದ್ರಾವಣ ಬೆರೆಸಿದರೆ ಹತ್ತರಲ್ಲಿ ಒಂದಾಯಿತು. ಇಂಥ ಲೆಕ್ಕ ಪ್ರಯೋಗಾಲಯದಲ್ಲಿ ದಿನವೂ ಬರುತ್ತದೆ.

ಪಾಲಕರ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ವಿಜ್ಞಾನದ ಶಿಕ್ಷಕರ ಹುದ್ದೆ ಖಾಲಿಯಿದ್ದರೆ, ಕನ್ನಡ ಪಠ್ಯಪುಸ್ತಕ ತಡವಾದರೆ, ಶಾಲೆಯ ಸೂಕ್ಷ್ಮದರ್ಶಕ ಕಪಾಟಿನಿಂದ ಹೊರಬರದಿದ್ದರೆ ಕೇಳಬೇಕಾದವರು ನಾವು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಪ್ರಾಥಮಿಕ ಹಂತ ದಾಟಿದ ಮೇಲೆ ನಾವು ಕೇಳದೆ ಯಾವುದೂ ಸಿಗದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು 350ನೆಯ ವಿಧಿ ಕೊಟ್ಟಿದೆ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಬರೆದು, ಹತ್ತು ಜನ ಸಹಿ ಹಾಕಿ, ಸ್ವೀಕೃತಿ ಪಡೆಯಿರಿ.

ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವ ಮೊದಲು ಇದನ್ನು ಯೋಚಿಸಿರಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.