ಮನೆಯಂಗಳದಲ್ಲಿ ಬೈಕು ಕಟ್ಟುವವರಿಗೆ



ಘಾಟಿ ಸುಬ್ರಹ್ಮಣ್ಯದ ರಸ್ತೆಯಲ್ಲಿ ಹಳೆಯ ಯೆಜ್ಡಿಯ ಸದ್ದು ಕೇಳಿದರೆ ಸಾಕು, ನೀವು ಕಿಟಕಿಗೆ ಓಡುತ್ತೀರಿ. ನಿಮ್ಮಲ್ಲಿ ಕೆಲವರು ಅಂಥದೊಂದನ್ನು ಮನೆಯಲ್ಲೇ ಬಿಚ್ಚಿ ಹೊಸ ರೂಪ ಕೊಡಲು ಹೊರಟಿದ್ದೀರಿ. ಸಂತೋಷ. ಅದು ನಮ್ಮ ಮೈಸೂರಿನ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ ಹೊಡೆಯುವ ಲಿವರೇ ಗೇರಿನ ಲಿವರು. ಟೂ ಸ್ಟ್ರೋಕ್ ಎಂಜಿನ್ನು, ಪೆಟ್ರೋಲಿಗೆ ಆಯಿಲ್ ಬೆರೆಸದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇದನ್ನು ಬಿಚ್ಚಿ ಜೋಡಿಸಿದವನಿಗೆ ಘರ್ಷಣೆಯ ಪಾಠ ಬೇರೆ ಹೇಳಬೇಕಿಲ್ಲ. (ಪರೀಕ್ಷೆಯಲ್ಲಿ ಬರೆಯಬೇಕು, ಅದು ಬೇರೆ ಮಾತು.)

ಆದರೆ ಚಾಸಿಗೆ ಗರಗಸ ಇಡಬೇಡಿ. ಮುಂದಿನ ಫೋರ್ಕನ್ನು ಉದ್ದಕ್ಕೆ ಚಾಚಿದರೆ ನೋಡಲು ಚೆಂದ. ಘಾಟಿಯ ತಿರುವಿನಲ್ಲಿ ಗಾಡಿ ಬೇಗ ತಿರುಗುವುದಿಲ್ಲ. ಅಂಗಳದಲ್ಲಿ ಹಾಕಿದ ವೆಲ್ಡಿಂಗ್ ಬಿಟ್ಟುಕೊಂಡರೆ ಹಿಂದೆ ಕೂತ ತಂಗಿಯ ಗತಿಯೇನು? ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವಿವರಿಸುತ್ತಾ ಸುಪ್ರೀಂ ಕೋರ್ಟು 2019ರಲ್ಲಿ, ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಬಾರದೆಂದು ಹೇಳಿದೆ. ಬಣ್ಣ ಬದಲಿಸಿದರೂ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಬರೆಸಿ.

ಬ್ರೇಕ್ ಶೂ, ವೈರಿಂಗು, ಸೀಟು, ಇಷ್ಟರಲ್ಲೇ ಒಂದು ಬೇಸಿಗೆ ರಜೆಯ ಕೆಲಸವಿದೆ. ಬಿಚ್ಚಿದ ಬೋಲ್ಟುಗಳನ್ನು ಮಾತ್ರ ಬೇರೆ ಬೇರೆ ಡಬ್ಬಿಗಳಲ್ಲಿ ಚೀಟಿ ಅಂಟಿಸಿ ಇಟ್ಟುಕೊಳ್ಳಿ.