ಹಿರಿಯ ಎಚ್‌ಐವಿ ಸೋಂಕಿತರ ವ್ಯಾಯಾಮ: ಮಲೆನಾಡಿನ ಅಡ್ಡಿಗಳು ಮತ್ತು ಗ್ರಾಮ ಪಂಚಾಯತಿ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗ್ರಾಮ ಪಂಚಾಯತಿಗಳ ಮಾನ್ಯ ಅಧ್ಯಕ್ಷರೇ, ಉಪಾಧ್ಯಕ್ಷರೇ ಹಾಗೂ ಸದಸ್ಯರೇ,

ಭಾರತ ಸರ್ಕಾರವು ಎಆರ್‌ಟಿ ಚಿಕಿತ್ಸೆಯನ್ನು ಉಚಿತವಾಗಿ ನೀಡಲಾರಂಭಿಸಿದ್ದು 2004ರ ಏಪ್ರಿಲ್ 1ರಂದು. ಆ ದಿನಗಳಲ್ಲಿ ನಲವತ್ತರ ಆಸುಪಾಸಿನಲ್ಲಿದ್ದು ಚಿಕಿತ್ಸೆ ಪಡೆದವರು ಇಂದು ಅರವತ್ತು ದಾಟಿದ್ದಾರೆ. ಮಾತ್ರೆಯನ್ನು ತಪ್ಪದೆ ಸೇವಿಸುವವರಲ್ಲಿ ವೈರಾಣು ಹತೋಟಿಯಲ್ಲಿರುತ್ತದೆ. ಅವರನ್ನು ಈಗ ಕಾಡುವುದು ಹೃದ್ರೋಗ, ಸಕ್ಕರೆ ಕಾಯಿಲೆ, ಸವೆದ ಮೂಳೆ, ಕುಗ್ಗಿದ ಸ್ನಾಯು; ಇವು ಸೋಂಕಿತರಲ್ಲಿ ತುಸು ಬೇಗನೆ ತಲೆದೋರುವುದುಂಟು. ಆರಂಭದ ವರ್ಷಗಳಲ್ಲಿ ನೀಡುತ್ತಿದ್ದ ಸ್ಟಾವುಡಿನ್ ಔಷಧವು ಅನೇಕರ ಪಾದಗಳಲ್ಲಿ ಉರಿ ಮತ್ತು ಜೋಮನ್ನು ಉಳಿಸಿಹೋಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ಎಚ್‌ಐವಿ ಸೋಂಕಿತರನ್ನು ಹೆಸರಿಸಿಯೇ, ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯನ್ನು ಸೂಚಿಸಿದೆ. ಹಿರಿಯರಿಗೆ ಬೀಳದಂತೆ ಕಾಯುವ ಸಮತೋಲನದ ಅಭ್ಯಾಸವೂ ವಾರದಲ್ಲಿ 3 ದಿನ ಬೇಕು.

ತೋಟದಲ್ಲಿ ದುಡಿದವರಿಗೆ ವ್ಯಾಯಾಮವೇಕೆ ಎಂಬ ಮಾತು ಸಭೆಗಳಲ್ಲಿ ಬರುವುದು ಸಹಜ. ಕಾಫಿ ಕೊಯ್ಲಿನಲ್ಲಿ ಬಾಗಿ, ಮೂಟೆ ಹೊತ್ತ ಮೈ ಸವೆದಿರುತ್ತದೆ. ದುಡಿಮೆ ನಿಂತ ಮರುದಿನದಿಂದ ಆ ಮೈ ಜಗಲಿ ಬಿಟ್ಟು ಇಳಿಯುವುದಿಲ್ಲ. ಇಳಿದರೂ ಹೋಗುವುದೆಲ್ಲಿಗೆ? ಮುಂಜಾನೆ ಮತ್ತು ಮುಸ್ಸಂಜೆ, ಅಂದರೆ ಪಟ್ಟಣದವರು ವಾಯುವಿಹಾರಕ್ಕೆ ಹೊರಡುವ ಹೊತ್ತು, ಇಲ್ಲಿ ಕಾಡಾನೆಗಳು ತೋಟದಿಂದ ತೋಟಕ್ಕೆ ದಾಟುವ ಹೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ, ಇಂಬಳ, ಜಾರುವ ಏರುದಾರಿ. ಪಾದದಲ್ಲಿ ಸ್ಪರ್ಶವೇ ಮಂದವಾದವರಿಗೆ ಈ ದಾರಿ ಮೂಳೆಮುರಿತಕ್ಕೆ ಆಹ್ವಾನ.

ಇವೆಲ್ಲವೂ ಕಣ್ಣಿಗೆ ಕಾಣುವ ಅಡ್ಡಿಗಳು. ಕಾಣದ ಅಡ್ಡಿಯೇ ದೊಡ್ಡದು. ನಲವತ್ತು ಮನೆಗಳ ಊರಿನಲ್ಲಿ ಕೆಲಸವಿಲ್ಲದೆ ನಡೆಯುವ ಮುದುಕಿಯನ್ನು "ಎಲ್ಲಿಗೆ ಹೊರಟಿರಿ?" ಎಂದು ಹತ್ತು ಮಂದಿ ಕೇಳುತ್ತಾರೆ. ಕೇಳುವವರದು ಅಕ್ಕರೆಯೇ ಇರಬಹುದು. ವೈದ್ಯರು ನಡೆಯಲು ಹೇಳಿದ್ದಾರೆ ಎಂದರೆ ಯಾವ ವೈದ್ಯರು, ಯಾವ ಕಾಯಿಲೆ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಇಪ್ಪತ್ತು ವರ್ಷ ಕಾಪಾಡಿಕೊಂಡ ಗುಟ್ಟನ್ನು ಒಂದು ವಾಯುವಿಹಾರಕ್ಕಾಗಿ ಯಾರು ಪಣಕ್ಕಿಡುತ್ತಾರೆ? ಮನೆಯೊಳಗೇ ಉಳಿಯುವುದು ಅವರಿಗೆ ಕ್ಷೇಮವೆನಿಸುತ್ತದೆ.

ಆದ್ದರಿಂದ, ಸದುದ್ದೇಶದಿಂದಲೂ ಯಾವ ಸದಸ್ಯರೂ ಸೋಂಕಿತರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರಿಂದಾಗಲಿ ಆಸ್ಪತ್ರೆಯಿಂದಾಗಲಿ ಕೇಳತಕ್ಕದ್ದಲ್ಲ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಎಚ್‌ಐವಿ ಮತ್ತು ಏಡ್ಸ್ ಅಧಿನಿಯಮವು ವ್ಯಕ್ತಿಯ ಸೋಂಕಿನ ಮಾಹಿತಿಗೆ ಗೋಪ್ಯತೆಯ ರಕ್ಷಣೆ ನೀಡಿದೆ. "ಸೋಂಕಿತರ ವ್ಯಾಯಾಮ ಶಿಬಿರ" ಎಂಬ ಫಲಕ ಕಟ್ಟಿದರೆ ಒಬ್ಬರೂ ಬರುವುದಿಲ್ಲ, ಬಾರದಿರುವುದೇ ಸರಿ.

ಅರವತ್ತು ದಾಟಿದ ಎಲ್ಲರಿಗೂ ಒಂದೇ ಕೂಟವಿರಲಿ. ಆಗ ಯಾರು ಏತಕ್ಕೆ ಬಂದರೆಂದು ಕೇಳುವ ಪ್ರಮೇಯವಿಲ್ಲ. ಅರಣ್ಯ ಇಲಾಖೆಯ ಕಾಡಾನೆ ಮುನ್ನೆಚ್ಚರಿಕೆಯನ್ನು ನೋಡಿಕೊಂಡು, ಬಿಸಿಲೇರಿದ ಮೇಲೆ, ಶಾಲೆಯ ರಜಾದಿನಗಳಲ್ಲಿ ಅದರ ಅಂಗಳದಲ್ಲಿ, ಉಳಿದ ದಿನ ಸಮುದಾಯ ಭವನದಲ್ಲಿ ಸೇರಬಹುದು. ಮಳೆಗಾಲದಲ್ಲಿ ಒಂದು ಗಟ್ಟಿ ಕುರ್ಚಿ ಸಾಕು: ಕೈ ಊರದೆ ಏಳುವುದು, ಕೂರುವುದು, ಬೆನ್ನು ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು. ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಯು ಮೊದಲೇ ಎಲ್ಲರ ರಕ್ತದೊತ್ತಡ ನೋಡಲಿ; ಎದೆನೋವು, ತಲೆಸುತ್ತು ಇರುವವರು ವೈದ್ಯರನ್ನು ಕಂಡ ಬಳಿಕವೇ ಆರಂಭಿಸಲಿ. ಭವನದ ಮೆಟ್ಟಿಲಿಗೆ ಹಿಡಿಗಂಬಿ, ಒಂದು ಶೌಚಾಲಯ, ಕುಡಿಯುವ ನೀರು ಇವು ಪಂಚಾಯತಿಯ ಕೈಯಲ್ಲೇ ಇರುವ ಕೆಲಸಗಳು. ಗುಟ್ಟಾಗಿ ಮಾಹಿತಿ ಬಯಸುವವರಿಗೆ 1097 ಉಚಿತ ದೂರವಾಣಿಯ ಸಂಖ್ಯೆಯನ್ನು ಇತರ ಸಹಾಯವಾಣಿಗಳ ಸಾಲಿನಲ್ಲೇ ಸೂಚನಾ ಫಲಕದಲ್ಲಿ ಬರೆಸಬಹುದು. ಹಿಡಿಗಂಬಿಯ ಕೆಲಸ ಮಾತ್ರ ಮುಂಗಾರಿಗೆ ಮುನ್ನ ಮುಗಿಯಬೇಕು.