ಒಸಡಿನ ರಕ್ತ ಮತ್ತು ಸಕ್ಕರೆ ಕಾಯಿಲೆ

(ಬಿದರಹಳ್ಳಿ ಹೋಬಳಿಯ ಒಂದು ಗ್ರಾಮದಲ್ಲಿ, ಯುವಕ ಮಂಡಲ ಮತ್ತು ಮಹಿಳಾ ಸಮಾಜ ಕೂಡಿ ನಡೆಸಿದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕ ಬಂದರೆ ಬೀಜ, ಗೊಬ್ಬರದ ಮಾತಾಡುತ್ತಾನೆ. ಈ ದಿನ ಹಲ್ಲಿನ ವಿಷಯ ಎತ್ತಿದನಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ನಾನು ವೈದ್ಯನಲ್ಲ, ಓದಿದ್ದು ಕೃಷಿ ಡಿಪ್ಲೊಮಾ. ವಯಸ್ಸಿನಲ್ಲೂ ನಿಮ್ಮ ಮುಂದೆ ಚಿಕ್ಕವನು. ಆದರೆ ನನ್ನ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು ನಿಮಗೆ ಹೇಳಲೇಬೇಕೆನಿಸಿತು.

ನಮ್ಮ ದೊಡ್ಡಪ್ಪನವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ತಪ್ಪಿಸುತ್ತಿರಲಿಲ್ಲ, ಕಾಫಿಗೆ ಸಕ್ಕರೆಯನ್ನೂ ಬಿಟ್ಟಿದ್ದರು. ಆದರೂ ರಕ್ತದ ಸಕ್ಕರೆ ಇಳಿಯಲಿಲ್ಲ. ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತಿತ್ತು. "ವಯಸ್ಸಾಯಿತು, ಹಲ್ಲು ಹೋಗುವುದು ಸಹಜ" ಎಂದು ಸುಮ್ಮನಿದ್ದರು. ಎರಡು ವರ್ಷ ಅವರ ಬಾಯಿ ತೆರೆಸಿ ಯಾರೂ ನೋಡಲಿಲ್ಲ, ನಾವೂ ಹೇಳಲಿಲ್ಲ. ಒಂದೊಂದಾಗಿ ಏಳು ಹಲ್ಲು ಬಿದ್ದವು. ಮುದ್ದೆಯನ್ನೇನೋ ನುಂಗಬಹುದು, ಕಾಳು, ತರಕಾರಿ ಅಗಿಯಲಾಗದು. ಮೆತ್ತಗಿನ ಅನ್ನ, ಕಾಫಿಯಲ್ಲಿ ಅದ್ದಿದ ಬನ್ನು ಇವೇ ಊಟವಾಯಿತು. ಸಕ್ಕರೆ ಇನ್ನಷ್ಟು ಏರಿತು. ಕೊನೆಗೆ ಕಾಲಿನ ಗಾಯ ಮಾಯದೆ ಆಸ್ಪತ್ರೆ ಸೇರಿದಾಗ, ಅಲ್ಲಿನ ವೈದ್ಯರೊಬ್ಬರು ಬಾಯಿ ನೋಡಿ, "ಮೊದಲು ಈ ಕೀವು ನಿಲ್ಲಬೇಕು" ಎಂದರು. ಒಸಡಿಗೆ ಚಿಕಿತ್ಸೆ ಆಯಿತು, ಔಷಧಿಯನ್ನೂ ಬದಲಾಯಿಸಿದರು. ಈಗ ಸಕ್ಕರೆ ಹತೋಟಿಯಲ್ಲಿದೆ. ಹೋದ ಹಲ್ಲು ಮಾತ್ರ ಬರಲಿಲ್ಲ.

ಇದಕ್ಕೆ ಕಾರಣವನ್ನು ಹೊಲದ ಮಾತಿನಲ್ಲೇ ಹೇಳುತ್ತೇನೆ. ಹಲ್ಲು ಗಿಡವಾದರೆ, ಒಸಡು ಮತ್ತು ಅದರ ಕೆಳಗಿನ ಮೂಳೆ ಮಣ್ಣು. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ, ಗಾರೆಯಂತೆ ಗಟ್ಟಿಯಾಗುತ್ತದೆ. ಅದರಲ್ಲಿ ರೋಗಾಣುಗಳು ಸೇರುತ್ತವೆ. ಒಸಡು ಊದಿ ಹಲ್ಲಿನಿಂದ ಬಿಡುತ್ತದೆ, ಮೂಳೆ ಸವೆಯುತ್ತದೆ. ಬುಡದ ಮಣ್ಣು ಕೊಚ್ಚಿಹೋದ ಮರದಂತೆ ಹಲ್ಲು ಅಲುಗಾಡುತ್ತದೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಈ ರೋಗ ಬೇಗ ಬರುತ್ತದೆ. ಅವರ ದೇಹಕ್ಕೆ ರೋಗಾಣುಗಳನ್ನು ಎದುರಿಸುವ ಶಕ್ತಿ ಕಡಿಮೆ. ಗಾಯವೂ ನಿಧಾನವಾಗಿ ಮಾಯುತ್ತದೆ. ಇದು ಒಂದು ದಾರಿ. ಎರಡನೆಯ ದಾರಿಯೂ ಇದೆ. ಸದಾ ಊದಿದ ಒಸಡಿನಿಂದ ಕೆಲವು ವಸ್ತುಗಳು ರಕ್ತಕ್ಕೆ ಸೇರಿ, ಇನ್ಸುಲಿನ್ ತನ್ನ ಕೆಲಸ ಮಾಡದಂತೆ ಅಡ್ಡಿಮಾಡುತ್ತವೆ. ಆಗ ಸಕ್ಕರೆ ಏರುತ್ತದೆ. ಹೀಗೆ ಒಂದು ರೋಗ ಇನ್ನೊಂದಕ್ಕೆ ಗೊಬ್ಬರ ಹಾಕುತ್ತದೆ.

ಹೆರಾಲ್ಡ್ ಲೋ ಎಂಬ ದಂತ ವಿಜ್ಞಾನಿ 1993ರಲ್ಲಿಯೇ ಒಸಡಿನ ರೋಗವನ್ನು ಸಕ್ಕರೆ ಕಾಯಿಲೆಯಿಂದ ಬರುವ ಆರನೆಯ ತೊಂದರೆ ಎಂದು ಕರೆದರು. 2022ರಲ್ಲಿ 35 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ, ಒಸಡಿಗೆ ಚಿಕಿತ್ಸೆ ಪಡೆದ ರೋಗಿಗಳಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ ಸುಮಾರು 0.4ರಷ್ಟು ಇಳಿದಿತ್ತು, ಎಂದರೆ 8.4 ಇದ್ದದ್ದು 8ಕ್ಕೆ. ಇದನ್ನು ಅಲ್ಪವೆನ್ನಬೇಡಿ. ಆದರೆ ಹಲ್ಲು ಶುಚಿಮಾಡಿಸಿದೆನೆಂದು ಮಾತ್ರೆ ಬಿಡಲೂ ಬೇಡಿ. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ ಎಂದು 2023ರಲ್ಲಿ ಪ್ರಕಟವಾದ ಸಮೀಕ್ಷೆ ತಿಳಿಸಿದೆ. ಇದು ಯಾರದೋ ಮನೆಯ ಮಾತಲ್ಲ.

ಹಲ್ಲು ಶುಚಿಮಾಡಿಸಿದರೆ ಸಡಿಲವಾಗುತ್ತದೆ, ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬ ಮಾತುಗಳನ್ನು ನಂಬಬೇಡಿ. ಗಾರೆ ತೆಗೆದಾಗ ಸಂದು ಕಂಡು, ಹಲ್ಲು ಸಡಿಲವಾದಂತೆ ತೋರುತ್ತದೆ, ಅಷ್ಟೇ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ. ಹೊಗೆಸೊಪ್ಪು, ಕಡ್ಡಿಪುಡಿ, ಬೀಡಿ ಒಸಡಿಗೆ ಶತ್ರುಗಳು. ಬೀಡಿ ಸೇದುವವರಿಗೆ ರಕ್ತ ಕಡಿಮೆ ಕಾಣಬಹುದು. ರೋಗವಿಲ್ಲವೆಂದು ಅದರ ಅರ್ಥವಲ್ಲ.

ಆದ್ದರಿಂದ ನಾವು ಮಾಡಬೇಕಾದ್ದು ಇಷ್ಟು:

1. ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುಂಚೆ ಮೆತ್ತನೆಯ ಬ್ರಷ್ಷಿನಿಂದ ಹಲ್ಲುಜ್ಜಬೇಕು.

2. ಒಸಡಿನಲ್ಲಿ ರಕ್ತ, ಕೀವು ಕಂಡರೆ, ಹಲ್ಲು ಅಲುಗಾಡಿದರೆ, ದಂತವೈದ್ಯರಿಗೆ ತೋರಿಸುವುದರ ಜೊತೆಗೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಬೇಕು. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಮಾಡುತ್ತಾರೆ.

3. ಸಕ್ಕರೆ ಕಾಯಿಲೆ ಇರುವವರು ನೋವಿಲ್ಲದಿದ್ದರೂ ವರ್ಷಕ್ಕೊಮ್ಮೆಯಾದರೂ ಬಾಯಿ ತೋರಿಸಬೇಕು. ಕಾಯಿಲೆಯ ವಿಷಯವನ್ನು ದಂತವೈದ್ಯರಿಗೆ ಮೊದಲೇ ಹೇಳಬೇಕು. ಅಂದು ಅವರು ಹೇಳದೆ ಊಟವನ್ನಾಗಲಿ ಮಾತ್ರೆಯನ್ನಾಗಲಿ ಬಿಡಬಾರದು.

ದೂರವೆಂದು ಹಿಂಜರಿಯಬೇಡಿ. ಕೆ.ಆರ್. ಪುರದಿಂದ ಶಿವಾಜಿನಗರಕ್ಕೆ ಬಸ್ಸಿದೆ. ಬೌರಿಂಗ್ ಆಸ್ಪತ್ರೆ ಅಲ್ಲಿಯೇ ಇದೆ. ಕೋಟೆಯ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರ, 1958ರಲ್ಲಿ ಆರಂಭವಾದ ಸರ್ಕಾರಿ ದಂತ ಕಾಲೇಜಿದೆ. ಯುವಕ ಮಂಡಲದವರು ವಾರಕ್ಕೊಬ್ಬ ಹಿರಿಯರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿಬರಲಿ ಎಂಬುದು ನನ್ನ ಕೋರಿಕೆ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಕಡಲೆ ಬೆಳೆಯುವ ವಿಧಾನವನ್ನು ನಾನು ಹೇಳಿಕೊಡಬಲ್ಲೆ. ಹಲ್ಲನ್ನು ನೀವೇ ಉಳಿಸಿಕೊಳ್ಳಬೇಕು. ನಾಳೆ ಬೆಳಿಗ್ಗೆ ಹಲ್ಲುಜ್ಜಿ ಉಗುಳುವಾಗ ಒಮ್ಮೆ ಗಮನಿಸಿ ನೋಡಿ. ಕೆಂಪು ಕಂಡರೆ ಸುಮ್ಮನಿರಬೇಡಿ.